ಬತ್ತೆ ಅಂದರೆ ಯಾವಾಗ?

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಉತ್ತರ ಪತ್ರಿಕೆಯಲ್ಲಿ ಮಕ್ಕಳು ‘ಬತ್ತೆ’, ‘ಹೋತೆ’ ಎಂದು ಬರೆದರೆ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿ ಪಕ್ಕದಲ್ಲಿ ‘ಬರುತ್ತೇನೆ’, ‘ಹೋಗುತ್ತೇನೆ’ ಎಂದು ಬರೆಯುವುದು ನನ್ನ ಹಳೆಯ ಅಭ್ಯಾಸ. ಸಂಜೆ ಮನೆಗೆ ಬಂದು ಅದೇ ಬಾಯಲ್ಲಿ ‘ಹ್ವಾಯ್, ನಾನ್ ಪ್ಯಾಟಿಗ್ ಹೋಯ್ ಬತ್ತೆ’ ಎಂದು ಗಂಡನಿಗೆ ಕೂಗಿ ಹೇಳುವವಳೂ ನಾನೇ. ಶಾಲೆಯ ಭಾಷೆ ಶಾಲೆಗೆ, ಮನೆಯ ಭಾಷೆ ಮನೆಗೆ, ಎರಡರಲ್ಲೂ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ಇತ್ತು. ಈ ಬೇಸಗೆಯಲ್ಲಿ ಒಂದೇ ಒಂದು ‘ಬತ್ತೆ’ ನನ್ನ ಮಗಳ ನಿಶ್ಚಿತಾರ್ಥಕ್ಕೆ ದಿನ ಗೊತ್ತು ಮಾಡಿಸಿತು, ಮತ್ತೆ ಅದನ್ನು ಮುರಿಯಿತು, ಮಗಳನ್ನೂ ನನ್ನಿಂದ ದೂರ ಮಾಡುವುದರಲ್ಲಿತ್ತು.

ನಮ್ಮ ಕುಂದಾಪುರ ಸೀಮೆಯಲ್ಲಿ ಮನೆಯಿಂದ ಹೊರಡುವವರು ‘ಹೋತೆ’ ಎನ್ನುವುದಿಲ್ಲ. ‘ಬತ್ತೆ’ ಎನ್ನಬೇಕು. ಕಳಿಸಿಕೊಡುವವರು ‘ಅಕ್ಕ್, ಬಾ’ ಎನ್ನಬೇಕು. ಅಕ್ಕ್ ಎಂದರೆ ಆಗಲಿ. ಇವೆರಡು ಮಾತು ಆದ ಮೇಲೆಯೇ ಚಪ್ಪಲಿ ಮೆಟ್ಟುವುದು. ಮೀನು ಕೊಡಲು ಬರುವವಳು ಬುಟ್ಟಿ ತಲೆಗೇರಿಸಿ ‘ಬತ್ತೆ ಅಕ್ಕಾ’ ಎಂದು ಹೋಗುತ್ತಾಳೆ, ನಾಳೆ ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದವರು ಡಾಕ್ಟರಿಗೂ ‘ಬತ್ತೆ’ ಎಂದುಬಿಟ್ಟು ನಾಲಗೆ ಕಚ್ಚಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಯಾರೂ ಯಾರನ್ನೂ ಯಾವಾಗ ಎಂದು ಕೇಳುವುದಿಲ್ಲ.

ನಾನು ಕೇಳಿದೆ. ಕಳೆದ ಡಿಸೆಂಬರಿನಲ್ಲಿ, ಬ್ರಹ್ಮಾವರದ ನಮ್ಮ ಮನೆಯ ಅಂಗಳದಲ್ಲಿ, ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಟ ಕಾರಿನ ಬಾಗಿಲು ಹಿಡಿದುಕೊಂಡು.

ಮಗಳಿಗೆ ಇಪ್ಪತ್ತೆರಡು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದಾಳೆ. ಕಾಲೇಜಿನ ಕಡೆಯಿಂದ ಪೋರ್ಚುಗಲ್ ದೇಶದ ಒಂದು ಕಡಲ ಊರಿನ ಹೋಟೆಲಿಗೆ ಆರು ತಿಂಗಳ ತರಬೇತಿಗೆ ಆಯ್ಕೆಯಾಗಿದ್ದಳು. ನನಗೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು. ನಮ್ಮ ಮನೆಯವರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಹೋಟೆಲಿದೆ. ಏಳನೆಯ ಕ್ಲಾಸಿನಲ್ಲಿ ಫೇಲಾಗಿ ಮುಂಬಯಿಗೆ ಹೋದವರು, ಅಲ್ಲಿ ಹೋಟೆಲುಗಳಲ್ಲೇ ದೊಡ್ಡವರಾಗಿ ಊರಿಗೆ ಬಂದು ಬಾಣಲೆ ಇಟ್ಟವರು. ಅವರು ಮಗಳಿಗೆ ತಮಾಷೆ ಮಾಡಿದರು.

“ಹೋಟ್ಲ್ ಕೆಲ್ಸ ಕಲಿಯುಕೆ ಅಷ್ಟ್ ದೂರ ಹೋಯ್ಕಾ ಮಗಾ? ನಮ್ಮ ಗ್ರೈಂಡರ್ ಎಂತ ಪಾಪ ಮಾಡಿತ್?”

“ನೀವ್ ಬೊಂಬಾಯಿಗ್ ಹೋಯ್ಲಿಲ್ಯಾ ಅಪ್ಪಯ್ಯ?”

“ನಾ ಹೋದ್ದ್ ಹೊಟ್ಟಿಗ್ ಇಲ್ದೆ.”

“ನಾ ಹೊಟ್ಟೆ ತುಂಬಿ ಹೋತೆ ಅಂದೇಳಿ ತಿಳ್ಕಣಿ” ಎಂದಳು. ಅವರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ಒಂದು ಒಳ್ಳೆಯ ಸಂಬಂಧವೂ ಬಂದಿತ್ತು.

ಉಪ್ಪುಂದದ ಮನೆ. ಹುಡುಗ ಪುಣೆಯಲ್ಲಿ ಅವರದೇ ಹೋಟೆಲು ನೋಡಿಕೊಳ್ಳುತ್ತಾನೆ. ಕುಂದಾಪುರದ ಒಂದು ಐಸ್‌ಕ್ರೀಮ್ ಅಂಗಡಿಯಲ್ಲಿ ಹುಡುಗ ಹುಡುಗಿ ಒಂದು ಟೇಬಲ್ಲಿನಲ್ಲಿ ಕೂತು ಮಾತಾಡಿದರು, ನಾವು ದೊಡ್ಡವರು ಪಕ್ಕದ ಟೇಬಲ್ಲಿನಲ್ಲಿ ಕೂತು ಏನೂ ಕೇಳಿಸದವರ ಹಾಗೆ ಐಸ್‌ಕ್ರೀಮ್ ತಿಂದೆವು. ಬಸ್ಸಿನಲ್ಲಿ ಬರುವಾಗ ನಾನು ಮೆಲ್ಲಗೆ ಕೇಳಿದ್ದಕ್ಕೆ ಮಗಳು “ಅಡ್ಡಿಲ್ಲ” ಎಂದಳು. “ಆದ್ರೆ ಈಗಳೇ ಎಂತದೂ ಬ್ಯಾಡ. ಬಂದ್ ಮೇಲ್ ಕಾಂಬ” ಎಂದೂ ಸೇರಿಸಿದಳು. ನಾನು ಅಡ್ಡಿಲ್ಲ ಎಂಬುದನ್ನು ಕಿವಿಯಲ್ಲಿ ಇಟ್ಟುಕೊಂಡೆ, ಬಂದ ಮೇಲೆ ನೋಡುವ ಎಂದದ್ದನ್ನು ಬಸ್ಸಿನಲ್ಲೇ ಬಿಟ್ಟೆ.

ಹಾಗೆ ಅಂಗಳದಲ್ಲಿ ಕಾರು ನಿಂತಿತ್ತು. ಅವಳು ಕಾಲಿಗೆ ಬಿದ್ದಳು, ಎದ್ದಳು, ಕಾರಿನೊಳಗೆ ಕೂತು “ಬತ್ತೆ ಅಮ್ಮ” ಎಂದಳು. ಇಂಥ ಹೊತ್ತಿನಲ್ಲಿ ನನಗೆ ಅಳು ಬರುವುದಿಲ್ಲ, ಸಿಡುಕು ಬರುತ್ತದೆ. “ಯಾವಾಗ?” ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. “ಆರ್ ತಿಂಗಳಿಗೆ ಮಾರಾಯ್ತಿ” ಎಂದು ಅವಳೂ ನಕ್ಕಳು. ಕಾರು ಹೊರಟಿತು. ‘ಅಕ್ಕ್, ಬಾ’ ಎಂಬುದು ನನ್ನ ಬಾಯಲ್ಲೇ ಉಳಿಯಿತು.

ಭಾನುವಾರ ಭಾನುವಾರ ಅವಳ ಫೋನು. ಹೋಟೆಲಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಕಡಲು ತೋರಿಸುತ್ತಿದ್ದಳು. “ಅಮ್ಮ, ಇಲ್ಲೂ ಬೈಗೆ ಊಟಕ್ಕೆ ಮೀನೇ ಕಾಣ್. ಮಸಾಲಿ ಇಲ್ಲೆ, ಬರೀ ಉಪ್ಪ್ ಹಾಕಿ ಸುಡ್ತ್ರ್” ಎಂದಾಗ ನನಗೆ ಆ ದೇಶದ ಮೇಲೆಯೇ ಕನಿಕರ ಬಂತು. ಊಟಕ್ಕೆ ಏನು, ಚಳಿಗೆ ಏನು ಹಾಕಿಕೊಳ್ಳುತ್ತೀ ಎಂದು ನಾನು ಕೇಳುತ್ತಿದ್ದೆ. ಕೆಲಸದ ಸುದ್ದಿ ಅಪ್ಪನಿಗೆ. ಬ್ರೆಡ್ ಮಾಡುವ ಕಡೆ ಹಾಕಿದ್ದಾರೆ, ಆದರೆ ಹಿಟ್ಟು ತೂಗುವುದು, ಪಾತ್ರೆ ತೊಳೆಯುವುದು ಮಾತ್ರ, ಒಲೆಯ ಹತ್ತಿರ ಬಿಡುವುದಿಲ್ಲ ಎಂದು ಹೇಳುತ್ತಿದ್ದಳು. “ಬಿಡುದಿಲ್ಲೆ ಮಗಾ, ಸುಲಭಲ್ಲಿ ಬಿಡುದಿಲ್ಲೆ” ಎಂದು ಅವರು ತಲೆಯಾಡಿಸುತ್ತಿದ್ದರು. ಕೊನೆಗೆ ಪ್ರತಿ ಸಲ ಅವಳ ‘ಬತ್ತೆ ಅಮ್ಮ’. ನಾನು ಕ್ಯಾಲೆಂಡರ್ ನೋಡುತ್ತಿದ್ದೆ.

ನಡುವೆ ಉಪ್ಪುಂದದಿಂದ ಹುಡುಗನ ತಾಯಿಯ ಫೋನು ಶುರುವಾಯಿತು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಪ್ರೀತಿಯಲ್ಲಿ ‘ಅದು’ ಎಂದೇ ಕರೆಯುವುದು. “ಟೀಚರೇ, ಹೆಣ್ಣ್ ಯಾವಾಗ ಬತ್ತ್?” ಎಂದು ಅವರು ಕೇಳುವರು. ಅವರ ಅತ್ತೆ ಹಾಸಿಗೆ ಹಿಡಿದಿದ್ದರು, ಮೊಮ್ಮಗನದು ಒಂದು ಶುಭ ಕಾಣಬೇಕು ಎಂಬ ಹಟ. “ಆಸಾಡಿ ಹೊಕ್ರೆ ಮತ್ತೆ ಆತಿಲ್ಲೆ. ಜೂನಲ್ಲೇ ಒಂದ್ ಒಳ್ಳೆ ದಿನ ಇತ್ತಂಬ್ರ್. ನೀವೊಂದ್ ಹೂಂ ಅನ್ನಿ” ಎಂದರು ಮೇ ತಿಂಗಳ ಕೊನೆಗೆ. ಆಷಾಢದಲ್ಲಿ ಶುಭಕಾರ್ಯ ಇಲ್ಲವೆಂಬುದು ನನಗೂ ಗೊತ್ತಿದ್ದದ್ದೇ. ಮಗಳನ್ನು ಕೇಳಿ ಹೇಳುತ್ತೇನೆ ಎಂದೆ.

ಆ ವಾರದ ಫೋನಿನಲ್ಲಿ ಮಗಳೇ ಮೊದಲು “ಅಮ್ಮ, ಒಂದ್ ವಿಷಯ ಹೇಳ್ಕಿತ್ತ್” ಎಂದು ಶುರು ಮಾಡಿದಳು. ನಾನು ಬಿಡಬೇಕಲ್ಲ!

“ಮೊದ್ಲ್ ನಂದ್ ಕೇಣ್. ಉಪ್ಪುಂದದವ್ರ್ ಫೋನ್ ಮಾಡಿದ್ರ್. ಜೂನಲ್ಲಿ ನಿಶ್ಚಯ ಮಾಡುವನಾ ಅಂತ್ರ್. ನೀ ಅಷ್ಟ್ರೊಳಗೆ ಬತ್ತ್ಯಲೆ?”

ಅಲ್ಲಿ ಗಾಳಿ ಬೀಸುತ್ತಿತ್ತು. ಯಾರೋ ಅವರ ಭಾಷೆಯಲ್ಲಿ ಕೂಗಿದರು, ತಗಡಿನ ಟ್ರೇ ಬಿದ್ದ ಸದ್ದಾಯಿತು. ಮಗಳು ಹಿಂದೆ ತಿರುಗಿ ನೋಡಿ ಎದ್ದು ನಿಂತಳು. “ಅಮ್ಮ, ಒಳಗೆ ಕರಿತಿದ್ರ್... ಬತ್ತೆ ಬತ್ತೆ” ಎಂದಳು. ಫೋನು ಕಟ್ಟಾಯಿತು.

ಒಂದು ಸಲವಲ್ಲ, ಎರಡು ಸಲ ಹೇಳಿದಳು! ಕೇಳಿದ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಯಾವ ವಿದ್ಯಾರ್ಥಿ ಬರೆದಾನು? ನಾನು ಕೂತಲ್ಲೇ ಉಪ್ಪುಂದಕ್ಕೆ ಫೋನು ಮಾಡಿದೆ. “ಬತ್ತ್ ಅಂಬ್ರ್ ಅಮ್ಮ. ನೀವ್ ದಿನ ಇಡಿ” ಎಂದೆ. ಆ ಕಡೆಯವರು ಒಳಗೆ ಹೋಗಿ ಅತ್ತೆಯ ಕಿವಿಯಲ್ಲಿ ಜೋರಾಗಿ ಹೇಳಿದ್ದು ಫೋನಿನಲ್ಲೇ ನನಗೆ ಕೇಳಿಸಿತು. ಮುದುಕಿ ಖುಷಿಯಿಂದ ಏನೋ ಹೇಳಿ ಕೆಮ್ಮಿದರು.

“ಒಂದ್ ಸಲ ಸಮ ಕೇಂಡ್ಕೊ” ಎಂದರು ನಮ್ಮ ಮನೆಯವರು, ಹೋಟೆಲಿನ ಸೊಪ್ಪು ಕಟ್ಟು ಬಿಚ್ಚುತ್ತಾ.

“ಅದ್ ಎರಡ್ ಸಲ ಹೇಳಿತ್. ನಂಗೆ ಕೆಮಿ ಕೇಂತಿಲ್ಯಾ?” ಎಂದೆ. ಅವರು ಸೊಪ್ಪಿನ ಕಡೆ ತಿರುಗಿದರು. ನನ್ನ ಹತ್ತಿರ ವಾದಿಸಿ ಗೆದ್ದವರು ನಮ್ಮ ಮನೆಯಲ್ಲಿ ಇಲ್ಲ.

ಮತ್ತಿನ ಕೆಲಸಗಳು ದಡಬಡನೆ ಆದವು. ಕೋಟೇಶ್ವರದಲ್ಲಿ ಹಾಲ್ ಗೊತ್ತಾಯಿತು. ಕುಂದಾಪುರಕ್ಕೆ ಹೋಗಿ ಎಲೆಹಸಿರು ಸೀರೆ ತಂದೆ, ಅವಳ ಹಳೆಯ ಅಳತೆಗೆ ರವಿಕೆ ಹೊಲಿಯಲು ಕೊಟ್ಟೆ. ಅಕ್ಕಂದಿರಿಗೆ, ಭಾವಂದಿರಿಗೆ ಹೇಳಿದೆ. ಮಗಳಿಗೆ ಮಾತ್ರ ದಿನದ ಸುದ್ದಿ ಹೇಳಿರಲಿಲ್ಲ. ಇಂಥದ್ದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುವುದೇ, ಬಾಯಲ್ಲಿ ಹೇಳಿ ಅವಳ ಮುಖ ನೋಡಬೇಕು ಎಂದು ಭಾನುವಾರಕ್ಕೆ ಕಾದೆ. ಆ ಭಾನುವಾರ ಅವಳಿಗೆ ರಜೆ ಸಿಗಲಿಲ್ಲ. ‘ಸೀಸನ್ ಅಮ್ಮ, ಉಸ್ರ್ ಬಿಡುಕೆ ಪುರ್ಸೊತ್ತಿಲ್ಲೆ. ಮುಂದಿನ ವಾರ ಸಮ ಮಾತಾಡ್ವ. ಒಂದ್ ವಿಷಯ ಇತ್ತ್’ ಎಂದು ಬರೆದಳು. ಆ ವಿಷಯ ವಿಮಾನದ ಟಿಕೆಟಿನದೇ ಇರಬೇಕು ಎಂದುಕೊಂಡೆ.

ಶಾಲೆ ಶುರುವಾಯಿತು, ಮಳೆಯೂ ಶುರುವಾಯಿತು. ಒಂದು ದಿನ ಕೊನೆಯ ಗಂಟೆ ಬಾರಿಸಿತು. ಹತ್ತನೆಯ ಕ್ಲಾಸಿನ ಹುಡುಗಿಯರು ಚೀಲ ಏರಿಸಿಕೊಂಡು, ಕೊಡೆ ಬಿಡಿಸುತ್ತಾ, “ಬತ್ತೆ ಟೀಚರ್”, “ಬತ್ತೆ ಟೀಚರ್” ಎಂದು ನನ್ನ ಮೇಜಿನ ಮುಂದಿನಿಂದ ಓಡುತ್ತಿದ್ದರು. ನಾನು ಹಾಜರಿ ಪುಸ್ತಕದಿಂದ ತಲೆ ಎತ್ತದೆ “ಅಕ್ಕ್, ಬನಿ” ಎನ್ನುತ್ತಿದ್ದೆ. ಎಲ್ಲರ ಹಿಂದಿನಿಂದ ಒಬ್ಬಳು ಬಂದಳು. ಅವಳ ತಂದೆಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಅವತ್ತು ಟಿ.ಸಿ. ತೆಗೆದುಕೊಂಡು, ಎಲ್ಲರಿಗೂ ಪೇಡೆ ಕೊಟ್ಟು ಹೊರಟಿದ್ದಳು. ಇನ್ನು ಈ ಶಾಲೆಯ ಮೆಟ್ಟಿಲು ಹತ್ತುವವಳಲ್ಲ. ಅವಳೂ “ಬತ್ತೆ ಟೀಚರ್” ಎಂದಳು. ನಾನೂ “ಅಕ್ಕ್, ಬಾ” ಎಂದೆ.

ಎಂದವಳು ಹಾಗೆಯೇ ಕೂತೆ. ಹುಡುಗಿ ಗೇಟು ದಾಟಿದಳು. ಕೈಯಲ್ಲಿದ್ದ ಪೆನ್ನು ಎಲ್ಲಿ ಇಟ್ಟೆನೋ ಗೊತ್ತಿಲ್ಲ.

ಟ್ರೇ ಬಿದ್ದ ಸದ್ದು ನೆನಪಾಯಿತು, ಮಗಳು ಎದ್ದು ನಿಂತದ್ದು ನೆನಪಾಯಿತು. ಅವಳು ನನಗೆ ಉತ್ತರ ಹೇಳಿದ್ದಳೇ, ಅಥವಾ ಫೋನು ಇಡುವ ಮಾತು ಹೇಳಿದ್ದಳೇ? ಸ್ಟಾಫ್ ರೂಮಿಗೆ ಹೋಗಿ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ಒಂದು ಮೆಸೇಜು ಬರೆದೆ: ‘ನೀನು ಮೊನ್ನೆ ಬತ್ತೆ ಎಂದದ್ದು ಯಾವ ಅರ್ಥದಲ್ಲಿ?’ ಇಷ್ಟು ವರ್ಷ ಮಕ್ಕಳಿಗೆ ಅರ್ಥ ಬರೆಯಲು ಹೇಳಿದವಳು ಈಗ ಅರ್ಥ ಕೇಳುತ್ತಾ ನಿಂತಿದ್ದೆ. ಮೆಸೇಜು ಹೋಯಿತು, ಆದರೆ ಅವಳು ಓದಿದ ಗುರುತು ಬರಲಿಲ್ಲ. ಬಸ್ಸಿನಲ್ಲಿ ಸೀಟು ಇದ್ದರೂ ಕೂರಲಾಗಲಿಲ್ಲ, ಕಂಬಿ ಹಿಡಿದು ನಿಂತೇ ಮನೆಯವರೆಗೆ ಬಂದೆ. ಮನೆಗೆ ಬಂದರೆ ಹೊಲಿದು ಬಂದ ಹಸಿರು ರವಿಕೆ ಮೇಜಿನ ಮೇಲಿತ್ತು.

ದೀಪ ಹಚ್ಚುವ ಹೊತ್ತಿಗೆ ಅವಳ ಫೋನು ಬಂತು. ಮುಖ ತೋರಿಸುವ ಕರೆಯಲ್ಲ, ಬರೀ ಸ್ವರ.

“ಅಮ್ಮ, ನಾ ಯಾವಾಗ ಬತ್ತೆ ಅಂದೆ?”

ಪುಣೆಯ ಹುಡುಗ ಅವಳಿಗೆ ಬರೆದಿದ್ದನಂತೆ, ಜೂನಿನಲ್ಲಿ ಸಿಗುವ, ಖುಷಿಯಾಯಿತು ಎಂದು. ಪಾಪ, ನಮ್ಮ ಹುಡುಗಿ ಒಪ್ಪಿದ್ದಾಳೆಂದು ಅವನಿಗೆ ಅವನ ತಾಯಿ ಹೇಳಿದ್ದರು. ಅವನ ತಾಯಿಗೆ ನಾನು ಹೇಳಿದ್ದೆ. ನನಗೆ ಯಾರೂ ಹೇಳಿರಲಿಲ್ಲ.

“ನಾ ಕೇಂಡದ್ದಕ್ಕೆ ನೀ ಬತ್ತೆ ಬತ್ತೆ ಅಂದಿ ಅಲ್ದಾ?” ಎಂದೆ.

“ನೀ ಕೇಂಡದ್ದ್ ಅರ್ಧ ನಂಗೆ ಕೇಂಡಿಲ್ಲೆ. ಉಪ್ಪುಂದ ಅಂದದ್ದ್ ಮಾತ್ರ ಕೇಂಡಿತ್. ಫೋನ್ ಇಡುಕೆ ನಾ ಯಾವಾಗ್ಳೂ ಎಂತ ಅಂತೆ? ಬತ್ತೆ ಅಂದೇಳಿಯೇ ಅಲ್ದಾ? ನಾ ಹೇಳುಕ್ ಹೊರಟದ್ದ್ ಬೇರೆ ಇತ್ತ್. ನೀ ಬಿಟ್ಯಾ?”

ಅವಳು ಹೇಳಲು ಹೊರಟದ್ದು ಇದು: ಇನ್ನು ಆರು ತಿಂಗಳು ಅಲ್ಲಿಯೇ ಇರಲು ಒಪ್ಪಿದ್ದಾಳೆ. ಕಾಲೇಜಿನವರೂ ಒಪ್ಪಿದ್ದಾರೆ, ವೀಸಾ ವರ್ಷದ್ದು ಇದೆ. ಇಷ್ಟು ದಿನ ಪಾತ್ರೆ ತೊಳೆದು, ಹಿಟ್ಟು ತೂಗಿದ ಮೇಲೆ ಈಗ ಒಲೆಯ ಕೆಲಸ ಕೊಡುತ್ತಾರಂತೆ.

“ಒಂದ್ ವಾರಕ್ಕಾರೂ ಬಾ” ಎಂದೆ.

“ಒಂದ್ ವಾರ ಬಿಟ್ರೆ ಆ ಜಾಗಕ್ಕೆ ಬೇರೆಯವ್ರ್ ಬತ್ರ್. ನಂಗೆ ಬಪ್ಪುಕೆ ಮನಸೂ ಇಲ್ಲೆ ಅಮ್ಮ. ಆ ಹುಡ್ಗ ಒಳ್ಳೆಯವ್ನೇ. ಆದ್ರೆ ನಂಗೆ ಈಗಳ್ ಮದಿ ಬ್ಯಾಡ. ಅವ್ನಿಗೂ ಹಾಂಗೇ ಬರ್ದಿದೆ.”

“ಮದಿ ಅಲ್ದೇ, ನಿಶ್ಚಯ ಮಾತ್ರ! ನಾ ಮಾತ್ ಕೊಟ್ಟಿದೆ. ಊರೆಲ್ಲ ಹೇಳಿದೆ. ಹಾಲ್ ಆಯ್ತ್. ನಾಳೆ ನಾ ಮುಖ ಹ್ಯಾಂಗ್ ತೋರ್ಸುದ್?”

ಅವಳು ಮೆಲ್ಲಗೆ, ಒಂದೊಂದೇ ಶಬ್ದ ಹೇಳಿದಳು. “ನೀ ಕೊಟ್ಟದ್ದ್ ನಿನ್ನ ಮಾತ್ ಅಲ್ಲ ಅಮ್ಮ. ಅದ್ ನಂದ್.”

ನನಗೆ ಕೋಪ ನೆತ್ತಿಗೇರಿತು. ಅಲ್ಲಿಗೆ ಹೋಗಿ ನಾಲ್ಕು ದಿನ ಆಯಿತೋ ಇಲ್ಲವೋ, ದೊಡ್ಡ ಮಾತು ಕಲಿತೆ ಎಂದೆ. ಹೆತ್ತವಳ ಮಾನ ಕಳೆದು ಬ್ರೆಡ್ ಸುಡು ಎಂದೆ. ಇನ್ನೂ ಏನೇನೋ ಅಂದೆ, ಅವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವಳು ತಿರುಗಿ ಬೈಯಲಿಲ್ಲ. ನನ್ನ ಉಸಿರು ಮುಗಿಯುವವರೆಗೆ ಕಾದು, “ಇಡ್ತೆ” ಎಂದಳು. ಬತ್ತೆ ಎನ್ನಲಿಲ್ಲ.

ಭಾನುವಾರ ನಾವಿಬ್ಬರೂ ಉಪ್ಪುಂದಕ್ಕೆ ಹೊರಟೆವು. ಇಂಥ ಮಾತನ್ನು ಫೋನಿನಲ್ಲಿ ಮುಗಿಸಿದರೆ ಆಗದು ಎಂದವರು ನಮ್ಮ ಮನೆಯವರು. ಕುಂದಾಪುರದಲ್ಲಿ ಇಳಿದು ಬೈಂದೂರು ಕಡೆಯ ಬಸ್ಸು ಹತ್ತಿದೆವು. ಇಡೀ ದಾರಿ ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಬಸ್ಸಿನ ಟರ್ಪಾಲಿನ ಸಂದಿಯಿಂದ ಮಳೆನೀರು ತೊಡೆಯ ಮೇಲೆ ಬೀಳುತ್ತಿತ್ತು, ಸರಿದು ಕೂರಬೇಕೆಂದು ಕೂಡ ತೋಚಲಿಲ್ಲ.

ಹುಡುಗನ ತಾಯಿಗೆ ಮಗನಿಂದ ಸುದ್ದಿ ಮೊದಲೇ ಮುಟ್ಟಿತ್ತು. ಆದರೂ ಅವರು ಮರ್ಯಾದೆ ಬಿಡಲಿಲ್ಲ. ಚಾವಡಿಯಲ್ಲಿ ಕೂರಿಸಿದರು, ಬೆಲ್ಲ ನೀರು ಕೊಟ್ಟರು, ಚಹಾ ಕೊಟ್ಟರು. ನಾನು ಲೋಟ ಹಿಡಿದುಕೊಂಡೇ ಹೇಳಿದೆ. ಹೆಣ್ಣು ಬರುವುದಿಲ್ಲ, ತಪ್ಪು ನನ್ನದು, ಅವಳು ಫೋನು ಇಡಲು ಬತ್ತೆ ಎಂದದ್ದನ್ನು ನಾನು ಬರುತ್ತೇನೆ ಎಂದು ತಿಳಿದೆ. ಹೇಳುತ್ತಾ ಹೋದ ಹಾಗೆ ನನ್ನ ಕಿವಿಗೇ ಅದು ಕುಂಟು ನೆಪದ ಹಾಗೆ ಕೇಳಿಸಿತು.

ಅವರು ಪೂರ್ತಿ ಕೇಳಿದರು. “ನೀವ್ ಶಾಲೆಗೆ ಕನ್ನಡ ಅಲ್ದಾ ಹೇಳಿಕೊಡುದ್, ಟೀಚರೇ?” ಎಂದರು.

ನಾನು ಲೋಟ ಕೆಳಗಿಟ್ಟೆ. ಒಳಗಿನ ಕೋಣೆಯಿಂದ ಮುದುಕಿಯ ಸ್ವರ ಬಂತು. “ಯಾರ್ ಬಂದದ್ದ್? ಹೆಣ್ಣ್ ಬಂತಾ?”

“ಇಲ್ಲೆ ಅತ್ತೆ” ಎಂದು ಅವರು ಕೂಗಿ ಹೇಳಿದರು. ನಮ್ಮ ಕಡೆ ತಿರುಗಿ, “ಪ್ರತಿದಿನ ಕೇಂತ್ರ್. ನಾ ಎಂತ ಹೇಳ್ಕ್ ಹೇಳಿ. ನಿಮ್ಮ ಹೆಣ್ಣಿಗೆ ಮನಸಿಲ್ದಿರೆ ಅಡ್ಡಿಲ್ಲ, ಈಗಿನವ್ರ್ ಹಾಂಗೇ. ಅದ್ ಮೊದ್ಲೇ ಮಗನತ್ರ ಬಂದ್ ಮೇಲ್ ಕಾಂಬ ಅಂದಿತಂಬ್ರ್. ಹೂಂ ಅಂದದ್ದ್ ನೀವ್” ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಎದ್ದೆವು. ಚಾವಡಿಯ ಮೆ‌ಟ್ಟಿಲು ಇಳಿದು, ಕೊಡೆ ಬಿಡಿಸಿ, ನಾನು ತಿರುಗಿ ನೋಡಿದೆ. ಹುಟ್ಟಿದಾಗಿನಿಂದ ನಾಲಗೆಗೆ ಅಂಟಿದ ಮಾತು, ನನ್ನನ್ನು ಕೇಳದೆಯೇ ಹೊರಗೆ ಬಂತು. “ಹಂಗಾರೆ ಬತ್ತೆ” ಎಂದೆ.

ಅವರು ಬಾಗಿಲ ಹತ್ತಿರವೇ ನಿಂತಿದ್ದರು. “ಎಂತಕೆ?” ಎಂದರು.

ಜೋರಾಗಿ ಹೇಳಲಿಲ್ಲ, ಕೋಪದಿಂದಲೂ ಅಲ್ಲ. ನಿಜವಾಗಿ ಕೇಳಿದ ಹಾಗೆ ಕೇಳಿದರು. ಜನ್ಮದಲ್ಲಿ ಮೊದಲ ಸಲ ಒಬ್ಬರ ಅಂಗಳದಿಂದ ‘ಬನಿ’ ಎನಿಸಿಕೊಳ್ಳದೆ ಹೊರಟೆ. ಒಬ್ಬರು ‘ಬಾ’ ಎನ್ನದಿದ್ದರೆ ಹೋಗುವವರಿಗೆ ಹೇಗಾಗುತ್ತದೆ ಎಂದು ಅವತ್ತು ಗೊತ್ತಾಯಿತು.

ಬಸ್ಸಿನಲ್ಲಿ ನಮ್ಮ ಮನೆಯವರು ಕಿಟಕಿ ಕಡೆ ನೋಡುತ್ತಲೇ ಹೇಳಿದರು. “ನಾ ಬೊಂಬಾಯಿಗ್ ಹೋಪತಿಗೆ ಅಬ್ಬೆ ಬಾಗ್ಲಲ್ಲೇ ಇದ್ದಿತ್. ಬತ್ತೆ ಅಂದೆ. ಯಾವಾಗ ಬಪ್ಪುದ್ ಅಂದೇಳಿ ನಂಗೂ ಗೊತ್ತಿಲ್ಲೆ, ಅಬ್ಬೆಗೂ ಗೊತ್ತಿಲ್ಲೆ. ಅಕ್ಕ್, ಬಾ ಮಗಾ ಅಂದೇಳಿ ಹೇಳಿತ್. ಮತ್ತೆ ನಾ ಬಪ್ಪುಕೆ ಎಷ್ಟೋ ವರ್ಷ ಆಯ್ತ್.”

“ಅಬ್ಬೆ ಕೇಂಡಿಲ್ಯಾ, ಯಾವಾಗ ಅಂದೇಳಿ?”

“ಕೇಂಡಿದ್ರೆ ನಾ ಮೆಟ್ಲ್ ಇಳಿತಿದ್ದಿಲ್ಲೆ” ಎಂದರು. ಟರ್ಪಾಲು ಎಳೆದು ಕಟ್ಟುತ್ತಾ, “ಇಳಿದಿದ್ರೂ ವಾಪಾಸ್ ಬತ್ತಿದ್ದಿಲ್ಲೆ” ಎಂದರು.

ಅತ್ತೆಯನ್ನು ನಾನು ಮದುವೆಯಾದ ಮೇಲೆ ಕೆಲವೇ ವರ್ಷ ಕಂಡದ್ದು. ನನ್ನ ಹಾಗೆ ಓದಿದವರಲ್ಲ, ನನಗಿಂತ ಜಗಳಗಂಟಿ. ಅಂಥವರು ಹೇಗೆ ಬಾಯಿ ಕಟ್ಟಿಕೊಂಡು ನಿಂತರೋ. ನನ್ನ ಪ್ರಾಯದ ಹೆಂಗಸರೆಲ್ಲ ಒಂದೇ ದಾರಿಯಲ್ಲಿ ದೊಡ್ಡವರಾದವರು: ಓದು, ಕೆಲಸ, ಮದುವೆ, ಮಗು. ಒಂದರ ಹಿಂದೆ ಒಂದು, ಯಾರೂ ಮೆಟ್ಟಿಲು ತಪ್ಪಿಸಲಿಲ್ಲ. ನಮ್ಮ ಮನೆಯವರು ಕಣ್ಣಿಗೆ ಕಾಣದ ಊರಿಗೆ ಹೋಗಿ ಗಂಡಸಾಗಿ ಬಂದರು, ಅದನ್ನು ಊರು ಒಪ್ಪಿತು. ನನ್ನ ಮಗಳ ಮುಖ ಪ್ರತಿ ಭಾನುವಾರ ನನ್ನ ಅಂಗೈಯಲ್ಲೇ ಕಾಣುತ್ತಿತ್ತಲ್ಲ, ಅದಕ್ಕೇ ಅವಳು ಇನ್ನೂ ನನ್ನ ಅಡುಗೆಮನೆಯಲ್ಲೇ ಇದ್ದಾಳೆ ಎಂದು ನಾನು ತಿಳಿದುಕೊಂಡಿದ್ದೆ. ಕಾಣುವಷ್ಟು ಹತ್ತಿರ ಇದ್ದವಳು ದೊಡ್ಡವಳಾದದ್ದು ನನಗೆ ಕಾಣಲಿಲ್ಲ.

ಹಾಲ್ ಬೇಡವೆಂದು ಹೇಳಿದೆವು. ಅಕ್ಕಂದಿರು ಫೋನು ಮಾಡಿ ಮರುಗಿದರು, ಒಬ್ಬರಂತೂ ನಕ್ಕರು. ಉಪ್ಪುಂದದ ಹುಡುಗನಿಗೆ ಬೇರೆ ಕಡೆ ನೋಡುತ್ತಿದ್ದಾರೆಂದು ಕೇಳಿದೆ. ಸಂಕಟವಾಯಿತು, ಆದರೆ ಅದು ಆರುವ ಗಾಯ. ಮಗಳದು ಬೇರೆ. ಅವಳು ಮಾತು ಬಿಡಲಿಲ್ಲ, ಜಗಳವನ್ನೂ ಮುಂದುವರಿಸಲಿಲ್ಲ. ಭಾನುವಾರ ತಪ್ಪದೆ ಫೋನು. ಉಂಡೆಯಾ ಎಂದರೆ ಉಂಡೆ, ಮಳೆ ಹೇಗಿದೆ ಎಂದು ಅವಳು ಕೇಳಿದರೆ ಜೋರು ಎಂದು ನಾನು. ಕೊನೆಗೆ ನೋಡಿ ನೋಡಿ, ತೂಗಿ, “ಇಡ್ತೆ ಅಮ್ಮ” ಎನ್ನುವಳು.

ಇಡ್ತೆ ಎಂದರೆ ಫೋನು ಇಡುತ್ತೇನೆ ಎಂದಷ್ಟೇ. ವ್ಯಾಕರಣ ಸರಿ, ಅರ್ಥ ಸರಿ, ಯಾರಿಗೂ ತಪ್ಪು ತಿಳಿಯುವ ಭಯವಿಲ್ಲ. ನಾನು ಕೆಂಪು ಪೆನ್ನು ಹಿಡಿದು ಮಕ್ಕಳಿಂದ ಬಯಸಿದ್ದು ಇಂಥ ಮಾತನ್ನೇ. ಪ್ರತಿ ವಾರ ಅದನ್ನು ಕೇಳುವಾಗ ನನಗೆ ಯಾರೋ ಬಾಗಿಲಿನ ಅಗುಳಿ ಹಾಕಿದ ಹಾಗಾಗುತ್ತಿತ್ತು. ಹಸಿರು ರವಿಕೆಯನ್ನು ಕಪಾಟಿನಲ್ಲಿ ಕೆಳಗೆ ಇಟ್ಟೆ. ಆಸಾಡಿ ಕಳೆಯಿತು, ಆಗಸ್ಟಿನ ಸೋಣ ತಿಂಗಳು ಬಂತು. ಅವಳು ಬತ್ತೆ ಎನ್ನಲಿಲ್ಲ. ನನಗೂ ಕೇಳಲು ಬಾಯಿ ಬರಲಿಲ್ಲ, ಕೇಳಿದರೆ ಇರುವ ಈ ನೂಲೂ ಹರಿದುಹೋದೀತೆಂಬ ಹೆದರಿಕೆ.

ಮೊನ್ನೆ ಭಾನುವಾರ ಅವಳು ಮುಖ ತೋರಿಸುವ ಕರೆ ಮಾಡಿದಳು, ಎಷ್ಟೋ ವಾರಗಳ ಮೇಲೆ. ಕೈಯಲ್ಲಿ ಒಂದು ದೊಡ್ಡ ಬ್ರೆಡ್ ಇತ್ತು, ಮೇಲೆಲ್ಲ ಕಂದು ಬಣ್ಣ, ಒಂದು ಬದಿ ಸ್ವಲ್ಪ ಸೀದಿತ್ತು. “ಇದ್ ಪೂರಾ ನಾನೇ ಮಾಡದ್ದ್ ಅಪ್ಪಯ್ಯ” ಎಂದಳು. ಮುಂಗೈಯಲ್ಲಿ ಸುಟ್ಟ ಬರೆ ಕಂಡು ನಾನು ಕೂಗಿದೆ. “ಓವನ್ ತಾಗಿತ್, ಎಲ್ಲರಿಗೂ ಆತ್” ಎಂದಳು. ನಮ್ಮ ಮನೆಯವರು ತಮ್ಮ ಅಂಗಿಯ ತೋಳು ಮಡಚಿ, ಮುಂಬಯಿಯ ಕಾವಲಿ ತಾಗಿದ ಹಳೆಯ ಕಲೆಯನ್ನು ಫೋನಿನ ಮುಂದೆ ಹಿಡಿದರು. ಇಬ್ಬರೂ ನಕ್ಕರು. ನಾನು ಅವಳ ಮುಖವನ್ನೇ ನೋಡಿದೆ. ಕೆನ್ನೆ ಇಳಿದಿತ್ತು, ಕಣ್ಣು ಗಟ್ಟಿಯಾಗಿತ್ತು. ಹಳೆಯ ಅಳತೆಯ ರವಿಕೆ ಇನ್ನು ಇವಳಿಗೆ ಆಗದು ಎಂದು ಸುಮ್ಮನೆ ಅನ್ನಿಸಿತು.

“ಸರಿ, ಇಡ್ತೆ ಅಮ್ಮ” ಎಂದಳು.

“ನಿಲ್ಲ್” ಎಂದೆ. “ಇಡ್ತೆ ಅನ್ಬ್ಯಾಡ.”

“ಮತ್ತೆಂತ ಅನ್ಕ್?”

“ಮೊದ್ಲ್ ಅಂತಿದ್ದಾಂಗೇ ಅನ್.”

ಅವಳು ಬ್ರೆಡ್ಡನ್ನು ಪಕ್ಕಕ್ಕೆ ಇಟ್ಟಳು. “ನೀ ಮತ್ತೆ ಹಾಲ್ ಬುಕ್ ಮಾಡ್ತಿ.”

“ಮಾಡುದಿಲ್ಲೆ.”

“ಅಮ್ಮ, ಡಿಸೆಂಬರಿಗೂ ಬಪ್ಪುದ್ ಗ್ಯಾರಂಟಿ ಅಂದೇಳಿ ಈಗಳೇ ಹೇಳುಕಾತಿಲ್ಲೆ. ಬೇರೆ ಒಂದ್ ಹೋಟ್ಲಲ್ಲಿ ಕೆಲ್ಸಕ್ಕೆ ಕೇಂತಿದ್ರ್. ಅಲ್ಲಿಂದಾಚಿಗೆ ಎಂತ ಅಂದೇಳಿ ನಂಗೂ ಗೊತ್ತಿಲ್ಲೆ.”

ಡಿಸೆಂಬರನ್ನು ನಾನು ಒಳಗೊಳಗೇ ಎಷ್ಟು ಗಟ್ಟಿಯಾಗಿ ಹಿಡಿದಿದ್ದೆ ಎಂದು ಆಗ ಗೊತ್ತಾಯಿತು. ಹಾಗಾದರೆ ಯಾವಾಗ ಎಂಬುದು ನಾಲಗೆಯ ತುದಿಯವರೆಗೆ ಬಂತು. ಪಕ್ಕದಲ್ಲಿ ಅವರು ತೋಳು ಇಳಿಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು. ಆ ಮಾತನ್ನು ನುಂಗಿದೆ.

“ಅಡ್ಡಿಲ್ಲ. ಆದ್ರೂ ಅನ್” ಎಂದೆ.

ಅವಳ ಹಿಂದೆ ಯಾರೋ ಕೂಗಿದರು, ಟ್ರೇಯ ಸದ್ದಾಯಿತು. ಅವಳು ತಿರುಗಿ ನೋಡಲಿಲ್ಲ.

“ಬತ್ತೆ ಅಮ್ಮ.”

“ಅಕ್ಕ್, ಬಾ” ಎಂದೆ. ಅಂಗಳದಿಂದ ಕಾರು ಹೊರಟ ದಿನ ನನ್ನ ಬಾಯಲ್ಲೇ ಉಳಿದದ್ದು ಅದು. ನನ್ನ ಮಟ್ಟಿಗೆ ಮಗಳು ಮನೆಯಿಂದ ಹೊರಟದ್ದು ಮೊನ್ನೆ.